ಹರಾಜಿನಲ್ಲಿ ಫ್ಲ್ಯಾಟ್ ಸಿಕ್ಕಿದೆ, 15 ದಿನದಲ್ಲಿ 51 ಲಕ್ಷ ಕಟ್ಟಬೇಕು. ಬ್ರಿಡ್ಜ್ ಲೋನ್ ತಗೊಳ್ಳಬಹುದಾ?

ಎರಡನೇ ಮಹಡಿ · ಬುಧವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲಿ ಬರೆಯುತ್ತಿದ್ದೇನೆ.

ಬ್ಯಾಂಕಿನವರ ಇ-ಹರಾಜಿನಲ್ಲಿ 68 ಲಕ್ಷಕ್ಕೆ ಒಂದು ಫ್ಲ್ಯಾಟ್ ನನಗೆ ಆಯಿತು. ಠೇವಣಿ ಸೇರಿಸಿ ಶೇ. 25, ಅಂದರೆ 17 ಲಕ್ಷ ಮಾರನೇ ದಿನವೇ ಕಟ್ಟಿದೆ. ಸೋಮವಾರ ಮಾರಾಟ ಖಚಿತಪಡಿಸಿದ ಪತ್ರ ಬಂತು. ಬಾಕಿ 51 ಲಕ್ಷ 15 ದಿನದೊಳಗೆ ಕಟ್ಟಬೇಕು. ಇವತ್ತಿಗೆ ಮೂರನೇ ದಿನ.

ಕೈಯಲ್ಲಿ 3 ಲಕ್ಷ ಇದೆ. ಬೇರೊಂದು ಬ್ಯಾಂಕಿನಲ್ಲಿ 30 ಲಕ್ಷ ಗೃಹಸಾಲಕ್ಕೆ ಅರ್ಜಿ ಹಾಕಿದ್ದೇನೆ, ಇನ್ನೂ ಲೀಗಲ್ ಒಪಿನಿಯನ್ ಹಂತದಲ್ಲಿದೆ. ಈಗಿರುವ ನಮ್ಮ ಹಳೇ ಫ್ಲ್ಯಾಟನ್ನು 40 ಲಕ್ಷಕ್ಕೆ ಕರಾರು ಮಾಡಿಕೊಂಡಿದ್ದೇವೆ. 4 ಲಕ್ಷ ಮುಂಗಡ ಬಂದು, ಅದೂ ಆ 17 ಲಕ್ಷದಲ್ಲೇ ಸೇರಿಹೋಗಿದೆ. ಉಳಿದ ದುಡ್ಡು ಬರೋಕೆ ಎರಡು ತಿಂಗಳು ಬೇಕು ಅಂತಾರೆ.

ಹಾಗಾಗಿ ಸುಮಾರು 18 ಲಕ್ಷ ಕಡಿಮೆ ಬೀಳುತ್ತೆ. ಒಂದು ಫೈನಾನ್ಸ್ ಕಂಪನಿಯವರು 20 ಲಕ್ಷ ಬ್ರಿಡ್ಜ್ ಲೋನ್ (ಹಳೇ ಫ್ಲ್ಯಾಟಿನ ದುಡ್ಡು ಬರುವವರೆಗಿನ ತಾತ್ಕಾಲಿಕ ಸಾಲ) ಒಂದೇ ವಾರದಲ್ಲಿ ಕೊಡುತ್ತೇವೆ, ಒಂದೂವರೆ ರೂಪಾಯಿ ಬಡ್ಡಿ ಅಂದಿದ್ದಾರೆ. ನೋಂದಣಿ ಖರ್ಚಿಗೆ ಬೇರೆ ದುಡ್ಡು ತೆಗೆದಿಟ್ಟಿದ್ದೇನೆ, ಅದನ್ನು ಮುಟ್ಟುವ ಹಾಗಿಲ್ಲ. ಏನು ಮಾಡಲಿ?

ಮೂಡಲದಾರಿ · ರಾತ್ರಿ 9:52

ತಗೊಳ್ಳಬೇಡಿ. ಬಿಟ್ಟುಬಿಡಿ. ಸಾಲದ ಮೇಲೆ ಸಾಲ ಮಾಡಿ ಮನೆ ತಗೊಂಡವರು ಉದ್ಧಾರ ಆಗಿದ್ದನ್ನು ನಾನು ನೋಡಿಲ್ಲ.

ಸುಣ್ಣದಗೋಡೆ · ರಾತ್ರಿ 9:55

ಬಿಟ್ಟುಬಿಡಿ ಅಂದ್ರೆ ಹೇಗೆ ಸರ್? 17 ಲಕ್ಷ ಕಟ್ಟಿದ್ದಾರಲ್ಲ!

ಮೂಡಲದಾರಿ · ರಾತ್ರಿ 9:58

ಬ್ಯಾಂಕಿಗೆ ಏನೂ ನಷ್ಟ ಆಗಿಲ್ಲ ಅಲ್ವಾ? ಕೇಳಿದರೆ ಸ್ವಲ್ಪ ಮುರಿದುಕೊಂಡು ವಾಪಸ್ ಕೊಡ್ತಾರೆ.

ಕರಾರು · ರಾತ್ರಿ 10:20

ಇದು ತಪ್ಪು. ದಯವಿಟ್ಟು ಯಾರೂ ಇದನ್ನು ನಂಬಿಕೊಂಡು ಕೂರಬೇಡಿ. ನಾನು ವಕೀಲ, ಇಂಥ ಫೈಲ್‌ಗಳನ್ನು ನೋಡಿದ್ದೇನೆ.

ಸಾಲ ತೀರಿಸದವರ ಅಡ ಇಟ್ಟ ಆಸ್ತಿಯನ್ನು ಬ್ಯಾಂಕು ಮಾರಲು ಇರುವ 2002ರ ಸರ್ಫೇಸಿ ಕಾಯ್ದೆಯಡಿ ಮಾಡಿರುವ ನಿಯಮಗಳಲ್ಲಿ 9ನೇ ನಿಯಮ ನೋಡಿ. ಬಾಕಿ ಕಟ್ಟದಿದ್ದರೆ ಕಟ್ಟಿದ ದುಡ್ಡು ಮುಟ್ಟುಗೋಲು, ಆಸ್ತಿ ಮರು ಹರಾಜು. ಬ್ಯಾಂಕಿಗೆ ನಷ್ಟ ಆಗಿದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿತು. ಹನ್ನೆರಡು ಕೋಟಿಗೂ ಮೇಲ್ಪಟ್ಟ ಬಿಡ್ ಅದು. ಬಿಡ್ ಮಾಡಿದವರು ಶೇ. 25 ಕಟ್ಟಿ, ಬಾಕಿ ಹೊಂದಿಸಲಾಗದೆ ಸೋತರು. ಮರು ಹರಾಜಿನಲ್ಲಿ ಬ್ಯಾಂಕಿಗೆ ಇನ್ನೂ ಜಾಸ್ತಿ ಬೆಲೆಯೇ ಸಿಕ್ಕಿತು. ಆದರೂ ಪೂರ್ತಿ ಶೇ. 25 ಇಟ್ಟುಕೊಂಡಿದ್ದು ಸರಿ ಅಂತಲೇ ತೀರ್ಪು ಬಂತು.

ಎರಡನೇ ಮಹಡಿಯವರೇ, ನಿಮ್ಮ 17 ಲಕ್ಷ ನಿಜವಾಗಿಯೂ ಅಪಾಯದಲ್ಲಿದೆ. ಅದೇ ನಿಯಮದಲ್ಲಿ ಒಂದು ದಾರಿಯೂ ಇದೆ. ಬ್ಯಾಂಕ್ ಮತ್ತು ನೀವು ಲಿಖಿತವಾಗಿ ಒಪ್ಪಿಕೊಂಡರೆ 15 ದಿನದ ಗಡುವನ್ನು ಮುಂದಕ್ಕೆ ಹಾಕಬಹುದು. ಹಾಕಿದರೂ ಮೂರು ತಿಂಗಳು ದಾಟುವ ಹಾಗಿಲ್ಲ. ಅದು ನಿಮ್ಮ ಹಕ್ಕಲ್ಲ, ಅವರು ಒಪ್ಪಿದರೆ ಮಾತ್ರ. ಫೋನಿನಲ್ಲಿ "ನೋಡೋಣ ಬಿಡಿ" ಅಂದರೆ ಸಾಲದು, ಸಹಿ ಇರುವ ಕಾಗದ ಬೇಕು. ನಾಳೆ ಬೆಳಿಗ್ಗೆಯೇ ಪತ್ರ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. 14ನೇ ದಿನ ಕೇಳಿದರೆ ಯಾರೂ ಕೇಳಿಸಿಕೊಳ್ಳಲ್ಲ.

ಎರಡನೇ ಮಹಡಿ · ರಾತ್ರಿ 10:31

ಅಯ್ಯೋ, ಪೂರ್ತಿ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಠೇವಣಿ ಮಾತ್ರ ಹೋಗುತ್ತೆ ಅಂದುಕೊಂಡಿದ್ದೆ.

ಲೆಕ್ಕಪುಸ್ತಕ · ರಾತ್ರಿ 10:48

ಆ ಫೈನಾನ್ಸ್ ಕಂಪನಿಯವರ ಉಳಿದ ಷರತ್ತು ಏನು? ಪ್ರೊಸೆಸಿಂಗ್ ಫೀ ಎಷ್ಟು, ಎಷ್ಟು ತಿಂಗಳ ಬಡ್ಡಿ ಕಡ್ಡಾಯ, ಬೇಗ ತೀರಿಸಿದರೆ ದಂಡ ಇದೆಯಾ? ಬರೀ "ಒಂದೂವರೆ ರೂಪಾಯಿ" ಅಂತ ಕೇಳಿ ನಿರ್ಧಾರ ಮಾಡಬೇಡಿ.

ಎರಡನೇ ಮಹಡಿ · ರಾತ್ರಿ 11:05

ಈಗ ವಾಟ್ಸ್ಆ್ಯಪ್‌ನಲ್ಲಿ ಕೇಳಿದೆ. ಫೀ ಶೇ. 2, ಅದರ ಮೇಲೆ ಜಿಎಸ್‌ಟಿ. ಕನಿಷ್ಠ ಮೂರು ತಿಂಗಳ ಬಡ್ಡಿ ಕೊಡಲೇಬೇಕಂತೆ. ಹಳೇ ಫ್ಲ್ಯಾಟಿನ ಕಾಗದ ಅಡ ಇಡಬೇಕು.

ಲೆಕ್ಕಪುಸ್ತಕ · ರಾತ್ರಿ 11:30

ಸರಿ, ಲೆಕ್ಕ ಹಾಕೋಣ. 20 ಲಕ್ಷಕ್ಕೆ ತಿಂಗಳಿಗೆ 30,000. ಮೂರು ತಿಂಗಳು ಕಡ್ಡಾಯ, 90,000. ಫೀ 40,000, ಜಿಎಸ್‌ಟಿ 7,200. ಒಟ್ಟು 1,37,200. ನೀವು ಎರಡೇ ತಿಂಗಳಲ್ಲಿ ತೀರಿಸಿದರೂ ಇಷ್ಟು ಕೊಡಬೇಕು. 20 ಲಕ್ಷಕ್ಕೆ ಎರಡು ತಿಂಗಳಿಗೆ ಶೇ. 6.86 ಆಯಿತು. ವರ್ಷದ ಲೆಕ್ಕಕ್ಕೆ ತಿರುಗಿಸಿದರೆ ಶೇ. 41!

ಹೇಳುವಾಗ ವರ್ಷಕ್ಕೆ 18, ಕೈಯಿಂದ ಹೋಗುವುದು 41. ಸಾಲದ ಅವಧಿ ಚಿಕ್ಕದಾದಷ್ಟೂ ಫೀ ಅನ್ನುವುದು ದೊಡ್ಡದಾಗುತ್ತೆ. 20 ವರ್ಷದ ಗೃಹಸಾಲದಲ್ಲಿ ಶೇ. 2 ಫೀ ಗೊತ್ತೇ ಆಗಲ್ಲ, ಎರಡು ತಿಂಗಳ ಸಾಲದಲ್ಲಿ ಅದೊಂದೇ ವರ್ಷಕ್ಕೆ ಶೇ. 12 ಬಡ್ಡಿಗೆ ಸಮ.

2024ರ ಅಕ್ಟೋಬರ್‌ನಿಂದ ಬ್ಯಾಂಕಾಗಲಿ, ಎನ್‌ಬಿಎಫ್‌ಸಿಯಾಗಲಿ (ಬ್ಯಾಂಕಲ್ಲದ ಫೈನಾನ್ಸ್ ಕಂಪನಿ), ಚಿಲ್ಲರೆ ಸಾಲಕ್ಕೆ, ಅಂದರೆ ವ್ಯಕ್ತಿಗಳಿಗೆ ಕೊಡುವ ರಿಟೇಲ್ ಸಾಲಕ್ಕೆ, ಮುಖ್ಯ ಅಂಶಗಳ ಹಾಳೆ ಕೊಡಲೇಬೇಕು. ಕೆಎಫ್‌ಎಸ್ ಅಂತಾರೆ. ಎಲ್ಲಾ ಫೀ ಸೇರಿಸಿ ವಾರ್ಷಿಕ ದರ ಎಷ್ಟು ಅಂತ ಅದರಲ್ಲಿ ಬರೆದಿರಬೇಕು. ಅದನ್ನು ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಅವರ ಹತ್ತಿರ ಹೋಗಲೇಬೇಡಿ.

ಸುಣ್ಣದಗೋಡೆ · ರಾತ್ರಿ 11:34

17 ಲಕ್ಷ ಕಳೆದುಕೊಳ್ಳುವುದಕ್ಕಿಂತ 1.37 ಲಕ್ಷ ಎಷ್ಟೋ ವಾಸಿ ಅಲ್ವಾ?

ಹಳೇಬೀಗ · ಗುರುವಾರ, ಬೆಳಿಗ್ಗೆ 7:15

ವಾಸಿ, ಆದರೆ ಎರಡು ತಿಂಗಳಲ್ಲಿ ದುಡ್ಡು ಬಂದರೆ ಮಾತ್ರ. ನನ್ನ ಕಥೆ ಹೇಳುತ್ತೇನೆ.

ನಾನೂ ಹೀಗೇ ಹಳೇ ಮನೆಗೆ ಕರಾರು ಮಾಡಿಕೊಂಡು, ಹೊಸ ಮನೆಗೆ 25 ಲಕ್ಷ ಬ್ರಿಡ್ಜ್ ಲೋನ್ ತಗೊಂಡೆ. ವರ್ಷಕ್ಕೆ ಶೇ. 13. ತಿಂಗಳು ತಿಂಗಳು ಬಡ್ಡಿ ಮಾತ್ರ, ಅಸಲು ಕೊನೆಗೆ ಒಟ್ಟಿಗೆ. ಮೂರು ತಿಂಗಳ ಮಾತು ಅಂದುಕೊಂಡಿದ್ದೆ.

ಕೊಳ್ಳುವವರ ಬ್ಯಾಂಕಿನವರು ಫೈಲ್ ವಾಪಸ್ ಕಳಿಸಿದರು. ನನ್ನ ಕ್ರಯಪತ್ರದಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್, ಆಧಾರ್‌ನಲ್ಲಿ ಒಂದೇ. ಅಷ್ಟೇ. ತಿದ್ದುಪಡಿ ಪತ್ರ ಮಾಡಿಸಬೇಕು ಅಂದರು. ಅದಕ್ಕೆ ನನಗೆ ಮಾರಿದವರೂ ಬಂದು ಸಹಿ ಹಾಕಬೇಕು. ಅವರು ತೀರಿಹೋಗಿದ್ದರು. ಮಕ್ಕಳು ಮೂವರು, ಮೂರು ಊರಿನಲ್ಲಿ. ಒಬ್ಬೊಬ್ಬರ ಬಿಡುವು ಹೊಂದಿಸಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆತರುವಷ್ಟರಲ್ಲಿ ಕೊಳ್ಳುವವರು ಕಾದು ಕಾದು ಕರಾರು ರದ್ದು ಮಾಡಿಕೊಂಡರು. ಹೊಸಬರನ್ನು ಹುಡುಕಿ ಮಾರುವ ಹೊತ್ತಿಗೆ 11 ತಿಂಗಳು. ತಿಂಗಳಿಗೆ 27 ಸಾವಿರ ಚಿಲ್ಲರೆ ಬಡ್ಡಿ, ಹತ್ತಿರ ಮೂರು ಲಕ್ಷ ಹೋಯಿತು. ಅದರ ಜೊತೆ ಹೊಸ ಮನೆಯ ಇಎಂಐ.

ಬಡ್ಡಿ ದರದ ಬಗ್ಗೆ ಹತ್ತು ಜನರನ್ನು ಕೇಳಿದ್ದೆ. ನನ್ನ ಬೀರುವಿನಲ್ಲೇ ಇದ್ದ ಕ್ರಯಪತ್ರವನ್ನು ಒಂದು ಸಲವೂ ಬಿಡಿಸಿ ನೋಡಿರಲಿಲ್ಲ. ನೀವು ಇವತ್ತೇ ನೋಡಿ. ಹೆಸರು, ಅಳತೆ, ಇಸಿ (ಋಣಭಾರ ಪತ್ರ), ಖಾತೆ, ತೆರಿಗೆ ರಸೀದಿ ಎಲ್ಲಾ ತಾಳೆಯಾಗುತ್ತಾ ಅಂತ.

ನೀಲಿಕೊಡೆ · ಬೆಳಿಗ್ಗೆ 7:40

ಅಬ್ಬಾ, ಓದಿದ ಮೇಲೆ ನಮ್ಮ ಮನೆ ಕಾಗದ ತೆಗೆದು ನೋಡುತ್ತಿದ್ದೇನೆ.

ಸಾಲದ ಮೇಜು · ಬೆಳಿಗ್ಗೆ 8:30

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಾಲ್ಕು ಪ್ರಶ್ನೆ ಇದೆ, ಉತ್ತರ ಕೊಡಿ, ಆಮೇಲೆ ಹೇಳುತ್ತೇನೆ.

ಹಳೇ ಫ್ಲ್ಯಾಟ್ ಮೇಲೆ ಸಾಲ ಬಾಕಿ ಇದೆಯಾ? ಎಷ್ಟು? ಗೃಹಸಾಲ 30 ಲಕ್ಷವೇ ಯಾಕೆ, ಜಾಸ್ತಿ ಯಾಕಲ್ಲ? ಹರಾಜಾದ ಫ್ಲ್ಯಾಟಿನ ಬೀಗ ಬ್ಯಾಂಕಿನವರ ಕೈಯಲ್ಲಿದೆಯಾ, ಇಲ್ಲಾ ಬರೀ ಕಾಗದದ ಮೇಲಿನ ಸ್ವಾಧೀನವಾ? ಮನೆಯವರಿಗೆ ಸಂಬಳ ಇದೆಯಾ?

ಎರಡನೇ ಮಹಡಿ · ಬೆಳಿಗ್ಗೆ 9:10

ಸರ್, ಹಳೇ ಫ್ಲ್ಯಾಟ್ ಮೇಲೆ 11 ಲಕ್ಷ ಬಾಕಿ ಇದೆ, ಕಾಗದ ಆ ಬ್ಯಾಂಕಿನಲ್ಲೇ ಇದೆ. ನನ್ನ ಸಂಬಳದಲ್ಲಿ ಈಗಿನ ಇಎಂಐ ಕಳೆದು 30ಕ್ಕಿಂತ ಜಾಸ್ತಿ ಆಗಲ್ಲ ಅಂದರು. ಬೀಗ ಬ್ಯಾಂಕಿನವರ ಹತ್ತಿರವೇ ಇದೆ, ಒಳಗೆ ಹೋಗಿ ನೋಡಿ ಬಂದಿದ್ದೇವೆ. ಹೆಂಡತಿ ಶಾಲೆಯಲ್ಲಿ ಟೀಚರ್, ಸಂಬಳ ಬ್ಯಾಂಕಿಗೇ ಬರುತ್ತೆ.

ಸಾಲದ ಮೇಜು · ಬೆಳಿಗ್ಗೆ 10:05

ಹಾಗಾದರೆ ಕೇಳಿ.

ಮೊದಲು, ಆ ಫೈನಾನ್ಸ್‌ನವರು ಹಳೇ ಫ್ಲ್ಯಾಟಿನ ಕಾಗದ ಅಡ ಕೇಳುತ್ತಿದ್ದಾರೆ. ಕಾಗದ ಇನ್ನೊಂದು ಬ್ಯಾಂಕಿನಲ್ಲಿದೆ. ಅಂದರೆ ಅವರು ಮೊದಲು 11 ಲಕ್ಷ ತೀರಿಸಿ ಕಾಗದ ಬಿಡಿಸಬೇಕು, ಅಥವಾ ನಿಮ್ಮ ಬ್ಯಾಂಕಿನಿಂದ ಒಪ್ಪಿಗೆ ತರಬೇಕು. ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ. ಸಾಲ ಪೂರ್ತಿ ತೀರಿದ ಮೇಲೆ ಕಾಗದ ವಾಪಸ್ ಕೊಡೋಕೆ ಬ್ಯಾಂಕಿಗೆ 30 ದಿನದ ಕಾಲಾವಕಾಶ ಇದೆ. ತಡವಾದರೆ ದಿನಕ್ಕೆ 5,000 ಪರಿಹಾರ ಕೊಡಬೇಕು, 2023ರ ಡಿಸೆಂಬರ್‌ನಿಂದ ಬಂದ ನಿಯಮ. ಆದರೆ ಆ 30 ದಿನ ನಿಮ್ಮ ಹತ್ತಿರ ಇಲ್ಲ.

ಇನ್ನೊಂದು ವಿಷಯ. ನೀವು ಮನಸ್ಸಿನಲ್ಲಿ 36 ಲಕ್ಷ ಬರುತ್ತೆ ಅಂದುಕೊಂಡಿದ್ದೀರಿ. 40ರಲ್ಲಿ 4 ಬಂದಾಯಿತು, 11 ಬ್ಯಾಂಕಿಗೆ. ಕೈಗೆ ಬರುವುದು 25. ಬ್ರಿಡ್ಜ್ ಲೋನ್ ತೀರಿಸುವ ದುಡ್ಡು ಅದು, ಅಷ್ಟೇ. ಸಾಲ ಮಾಡುವಾಗ ಈ 25ನ್ನೇ ನೋಡಬೇಕು.

ಈಗ ಮುಖ್ಯ ವಿಷಯ. ಬ್ರಿಡ್ಜ್ ಲೋನ್ ದೊಡ್ಡದು ಮಾಡಬೇಡಿ, ಗೃಹಸಾಲ ದೊಡ್ಡದು ಮಾಡಿ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಬೆಲೆಯ ಶೇ. 80ರವರೆಗೆ ಕೊಡಬಹುದು. 68 ಲಕ್ಷಕ್ಕೆ 54 ಲಕ್ಷ ಚಿಲ್ಲರೆ ಆಗುತ್ತೆ. ನಿಮಗೆ ಅಡ್ಡ ಬಂದಿರುವುದು ಆಸ್ತಿ ಅಲ್ಲ, ಸಂಬಳ. ಹೆಂಡತಿಯನ್ನು ಜೊತೆ ಸಾಲಗಾರರಾಗಿ ಸೇರಿಸಿ. ಹಳೇ ಫ್ಲ್ಯಾಟಿನ ಕರಾರು ತೋರಿಸಿ, ಈ ಇಎಂಐ ಎರಡು ತಿಂಗಳಲ್ಲಿ ನಿಲ್ಲುತ್ತೆ ಅಂತ ಬರೆದು ಕೊಡಿ. 40ರ ಹತ್ತಿರ ಬರಬಹುದು. ಹಳೇ ಫ್ಲ್ಯಾಟಿನ ದುಡ್ಡು ಬಂದ ದಿನ ಗೃಹಸಾಲಕ್ಕೆ ಕಟ್ಟಿಬಿಡಿ. ವ್ಯಕ್ತಿಯ ಹೆಸರಿನಲ್ಲಿ, ವ್ಯಾಪಾರಕ್ಕಲ್ಲದ, ಬದಲಾಗುವ ಬಡ್ಡಿಯ ಸಾಲಕ್ಕೆ ಬ್ಯಾಂಕು ಮುಂಚೆ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಇದೇ ನಿಮ್ಮ ಅಗ್ಗದ ಬ್ರಿಡ್ಜ್ ಲೋನ್.

ಕೊನೇದಾಗಿ, ಬೇರೆ ಬ್ಯಾಂಕಿಗೆ ಯಾಕೆ ಹೋದಿರಿ? ಹರಾಜು ಹಾಕಿದ ಬ್ಯಾಂಕಿಗೇ ಹೋಗಿ. ಮೂಲ ಕಾಗದ ಅವರ ಲಾಕರಿನಲ್ಲೇ ಇದೆ, ಹಳೇ ಲೀಗಲ್ ಒಪಿನಿಯನ್, ವ್ಯಾಲ್ಯುಯೇಷನ್ ಎಲ್ಲಾ ಫೈಲಿನಲ್ಲಿದೆ. ಹೊಸ ಬ್ಯಾಂಕು ಹತ್ತು ದಿನ ತಗೊಳ್ಳುವುದನ್ನು ಅವರು ಐದು ದಿನದಲ್ಲಿ ಮಾಡಬಲ್ಲರು. ಹರಾಜಿನ ವಿಭಾಗ ಬೇರೆ, ಗೃಹಸಾಲದ ವಿಭಾಗ ಬೇರೆ. ಇಬ್ಬರನ್ನೂ ಒಂದೇ ದಿನ ಭೇಟಿಯಾಗಿ, ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಕೊಡಿ.

ಮೂಡಲದಾರಿ · ಬೆಳಿಗ್ಗೆ 10:22

ಇದು ಒಳ್ಳೇ ದಾರಿ. ನಿನ್ನೆ ನಾನು ಹೇಳಿದ್ದು ತಪ್ಪಾಯಿತು, ಕ್ಷಮಿಸಿ. ಆದರೂ ಒಂದು ಮಾತು, ದುಡ್ಡಿನ ಏರ್ಪಾಡು ಮಾಡಿಕೊಂಡೇ ಬಿಡ್ ಹಾಕಬೇಕಿತ್ತು.

ದೂರದವಳು · ಮಧ್ಯಾಹ್ನ 1:05

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಸಾಂಪ್ರದಾಯಿಕ ಹರಾಜಿನಲ್ಲಿ ಸುತ್ತಿಗೆ ಬಿದ್ದ ತಕ್ಷಣ ಶೇ. 10 ಕಟ್ಟಬೇಕು, ಸಾಮಾನ್ಯವಾಗಿ 28 ದಿನದಲ್ಲಿ ಪೂರ್ತಿ. ಇದಕ್ಕಂತಲೇ ಬ್ರಿಡ್ಜಿಂಗ್ ಸಾಲ ಕೊಡುವ ಕಂಪನಿಗಳಿವೆ. ಇಲ್ಲಿ ಅವರು ಕೇಳುವ ಮೊದಲ ಪ್ರಶ್ನೆಯೇ "ಹೇಗೆ ತೀರಿಸುತ್ತೀರಿ" ಅಂತ. ಮಾರಿ ತೀರಿಸುತ್ತೀರಾ, ದೊಡ್ಡ ಸಾಲಕ್ಕೆ ಬದಲಾಯಿಸುತ್ತೀರಾ? ಎರಡೂ ಇಲ್ಲದಿದ್ದರೆ ಅರ್ಜಿ ಮುಂದಕ್ಕೇ ಹೋಗಲ್ಲ. 28 ದಿನವೇ ಇಲ್ಲಿ ಎಲ್ಲರಿಗೂ ಕಷ್ಟ, 15 ದಿನ ಅಂದರೆ ನಿಜಕ್ಕೂ ಕಠಿಣ.

ಸುಣ್ಣದಗೋಡೆ · ಮಧ್ಯಾಹ್ನ 1:20

ಸ್ವಲ್ಪ ಬೇರೆ ಪ್ರಶ್ನೆ. ಹಳೇ ಮಾಲೀಕ ಈಗ ಬಂದು "ಸಾಲ ತೀರಿಸ್ತೀನಿ, ನನ್ನ ಮನೆ ಕೊಡಿ" ಅಂದರೆ ಇವರ ಗತಿ ಏನು?

ಕರಾರು · ಮಧ್ಯಾಹ್ನ 2:10

ಹರಾಜಿನ ನೋಟಿಸ್ ಪ್ರಕಟವಾಗುವ ಮುಂಚೆ ತೀರಿಸಬೇಕಿತ್ತು. ಪ್ರಕಟವಾದ ಮೇಲೆ ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲ ಅಂತ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸಾಲ ವಸೂಲಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, 45 ದಿನದೊಳಗೆ ಹೋಗಬಹುದು. ನೋಟಿಸ್ ಸರಿಯಾಗಿ ಕೊಟ್ಟಿಲ್ಲ ಅಂತ ತಡೆಯಾಜ್ಞೆ ಕೇಳುವುದುಂಟು. ದುಬಾರಿ ಬಡ್ಡಿಗೆ ದುಡ್ಡು ತಂದು ಕಟ್ಟುವ ಮುಂಚೆ ಡಿಆರ್‌ಟಿಯಲ್ಲಿ ಕೇಸ್ ಇದೆಯಾ ಅಂತ ಒಮ್ಮೆ ವಿಚಾರಿಸಿ. ಕೇಸ್ ಬಿದ್ದು ಬ್ಯಾಂಕು ಕೊಡಬೇಕಾದ ಸೇಲ್ ಸರ್ಟಿಫಿಕೇಟ್ (ಮಾರಾಟದ ಪ್ರಮಾಣಪತ್ರ) ನಿಂತುಹೋದರೂ ನಿಮ್ಮ ಬಡ್ಡಿ ನಿಲ್ಲಲ್ಲ.

ಇನ್ನೊಂದು, 15 ದಿನ ಲೆಕ್ಕ ಹಾಕುವುದು ಹರಾಜಿನ ದಿನದಿಂದ ಅಲ್ಲ, ಖಚಿತಪಡಿಸಿದ ದಿನದಿಂದ. ಪತ್ರದ ಮೇಲಿನ ದಿನಾಂಕ ನೋಡಿ, ನಿಮ್ಮ ಕೈಗೆ ಸಿಕ್ಕ ದಿನ ಅಲ್ಲ.

ಎರಡನೇ ಮಹಡಿ · ಮಧ್ಯಾಹ್ನ 2:25

ನೋಡಿದೆ. ಪತ್ರದ ಮೇಲೆ ಶನಿವಾರದ ದಿನಾಂಕ ಇದೆ. ಎರಡು ದಿನ ಆಗಲೇ ಹೋಯಿತು. ಇವತ್ತೇ ಬ್ಯಾಂಕಿಗೆ ಹೊರಟೆ.

ನೀಲಿಕೊಡೆ · ಸಂಜೆ 6:00

ಉಳಿದ ಸಣ್ಣ ಮೊತ್ತಕ್ಕೆ ಬಂಗಾರ ನೋಡಿ. ನಮ್ಮ ನಿವೇಶನ ನೋಂದಣಿಗೆ ಹಿಂದಿನ ದಿನ 2 ಲಕ್ಷ ಕಡಿಮೆ ಬಿದ್ದಾಗ ಅಮ್ಮ ತನ್ನ ನಾಲ್ಕು ಬಳೆ ಬಿಚ್ಚಿ ಕೊಟ್ಟರು. ಸೋಪು ಹಚ್ಚಿ ತೆಗೆಯಬೇಕಾಯಿತು, ಮದುವೆಯಾದಾಗಿನಿಂದ ಕೈಯಲ್ಲೇ ಇದ್ದವು. ಬ್ಯಾಂಕಿನಲ್ಲಿ ಉಜ್ಜಿ ನೋಡಿ, ತೂಕ ಹಾಕಿ, ಒಂದು ಗಂಟೆಯೊಳಗೆ ದುಡ್ಡು ಖಾತೆಗೆ ಬಂತು. ಬೆಲೆಯ ಸುಮಾರು ಮುಕ್ಕಾಲು ಭಾಗ ಕೊಟ್ಟರು. ಸಂಬಳದ ಚೀಟಿ, ಲೀಗಲ್ ಒಪಿನಿಯನ್ ಯಾವುದೂ ಬೇಡ. ನಾಲ್ಕು ತಿಂಗಳಲ್ಲಿ ಬಿಡಿಸಿದೆವು. ಬಳೆ ವಾಪಸ್ ಹಾಕಿಕೊಂಡ ದಿನ ಅಮ್ಮ ಏನೂ ಹೇಳಲಿಲ್ಲ, ಆದರೆ ಸಂಜೆಯೆಲ್ಲಾ ಕೈ ನೋಡಿಕೊಳ್ಳುತ್ತಿದ್ದರು.

ಲೆಕ್ಕಪುಸ್ತಕ · ಸಂಜೆ 6:25

ಎಫ್‌ಡಿ ಇದ್ದರೆ ಮುರಿಯಬೇಡಿ, ಅದರ ಮೇಲೆ ಓವರ್‌ಡ್ರಾಫ್ಟ್ (ಓಡಿ) ತಗೊಳ್ಳಿ, ಬಳಸಿದಷ್ಟು ದಿನಕ್ಕೆ ಮಾತ್ರ ಬಡ್ಡಿ. ಎಲ್‌ಐಸಿ ಪಾಲಿಸಿ, ಮ್ಯೂಚುವಲ್ ಫಂಡ್ ಮೇಲೂ ಸಾಲ ಸಿಗುತ್ತೆ.

ಬಂಧುಗಳಿಂದ ಕೈಸಾಲ ತಗೊಂಡರೆ ನಗದು ಬೇಡವೇ ಬೇಡ. 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಖಾತೆಯಿಂದ ಖಾತೆಗೆ ಹಾಕಿಸಿಕೊಳ್ಳಿ.

ಮತ್ತೆ ಟಿಡಿಎಸ್ ಮರೆಯಬೇಡಿ. ಆಸ್ತಿ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ಕಳೆದು ಸರ್ಕಾರಕ್ಕೆ ಕಟ್ಟಬೇಕು, ನಿಮ್ಮದು 68,000. ಯಾರ ಪ್ಯಾನ್ ಹಾಕಬೇಕು, 17 ಲಕ್ಷದ ಭಾಗವನ್ನು ಈಗ ಕಳೆಯಬಹುದಾ ಅಂತ ಬ್ಯಾಂಕಿನವರನ್ನು ಕೇಳಿ.

ಹಳೇಬೀಗ · ಸಂಜೆ 6:40

ತೆರಿಗೆ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಹೊಸ ಮನೆ ಕೊಂಡ ಒಂದು ವರ್ಷದೊಳಗೆ ಹಳೇದನ್ನು ಮಾರಿದರೆ ಮಾತ್ರ ದೀರ್ಘಾವಧಿ ಲಾಭದ ತೆರಿಗೆ ವಿನಾಯಿತಿ. ನನಗೆ 11 ತಿಂಗಳಾಗಿತ್ತು. ಕೊನೇ ತಿಂಗಳು ನಿದ್ದೆ ಬರುತ್ತಿರಲಿಲ್ಲ.

ಎರಡನೇ ಮಹಡಿ · ಶುಕ್ರವಾರ, ರಾತ್ರಿ 8:15

ಇವತ್ತಿನ ಸುದ್ದಿ. ಹರಾಜು ವಿಭಾಗದವರು ಗಡುವು ವಿಸ್ತರಣೆಯ ಪತ್ರ ತಗೊಂಡು ಸೀಲ್ ಹಾಕಿಕೊಟ್ಟರು, ಒಪ್ಪುತ್ತೇವೆ ಅಂತ ಮಾತು ಕೊಟ್ಟಿಲ್ಲ. ಗೃಹಸಾಲದ ಮೇಡಂ ಮಾತ್ರ ಫೈಲ್ ನೋಡಿ "ಇದರ ಕಾಗದ ನಮ್ಮಲ್ಲೇ ಇದೆಯಲ್ಲ" ಅಂತ ತಕ್ಷಣ ಅರ್ಜಿ ತಗೊಂಡರು. ಹೆಂಡತಿಯ ಸಂಬಳದ ಚೀಟಿ, ಎರಡು ವರ್ಷದ ರಿಟರ್ನ್ಸ್ ರಾತ್ರಿಯೇ ಕಳಿಸುತ್ತಿದ್ದೇನೆ. ಡಿಆರ್‌ಟಿಯಲ್ಲಿ ಯಾವ ಕೇಸೂ ಇಲ್ಲವಂತೆ, ವಕೀಲರಿಂದಲೂ ನೋಡಿಸಿದೆ.

ಹಳೇಬೀಗ ಸರ್, ಬ್ಯಾಂಕಿಗೆ ಹೋಗಿ ಹಳೇ ಕ್ರಯಪತ್ರದ ನಕಲು ತಂದು ನೋಡಿದೆ. ಹೆಸರು ಸರಿ ಇದೆ. ಪಾರ್ಕಿಂಗ್ ಜಾಗದ ನಂಬರ್ ಮಾತ್ರ ಕರಾರಿನಲ್ಲಿ ತಪ್ಪಾಗಿತ್ತು. ಕೊಳ್ಳುವವರ ಜೊತೆ ಮಾತಾಡಿ ಇವತ್ತೇ ತಿದ್ದಿ ಇಬ್ಬರೂ ಸಹಿ ಹಾಕಿದೆವು.

ಸಾಲದ ಮೇಜು · ರಾತ್ರಿ 8:50

ಒಳ್ಳೇದು. ಸ್ಯಾಂಕ್ಷನ್ (ಸಾಲ ಮಂಜೂರು) ಆದರೆ ಗೆದ್ದೆ ಅಂದುಕೊಳ್ಳಬೇಡಿ, ಡಿಸ್ಬರ್ಸ್ ಆಗಬೇಕು, ಅಂದರೆ ದುಡ್ಡು ನಿಜವಾಗಿ ಬಿಡುಗಡೆಯಾಗಬೇಕು. ನಿಮ್ಮ ಪಾಲಿನ ದುಡ್ಡು ಮೊದಲು ಕಟ್ಟಿ ರಸೀದಿ ತೋರಿಸಿದರೇ ಬ್ಯಾಂಕು ತನ್ನ ಪಾಲು ಬಿಡುವುದು. ಅದಕ್ಕೆ ಬಂಗಾರ, ಕೈಸಾಲ ಎಲ್ಲಾ 10ನೇ ದಿನಕ್ಕೇ ಖಾತೆಯಲ್ಲಿರಲಿ. ಆರ್‌ಟಿಜಿಎಸ್ 24 ಗಂಟೆಯೂ ನಡೆಯುತ್ತೆ, ಆದರೆ ನಿಮ್ಮ ಆ್ಯಪ್‌ನಲ್ಲಿ ದಿನದ ಮಿತಿ ಎಷ್ಟಿದೆ ಅಂತ ಈಗಲೇ ನೋಡಿ. ಹೊಸ ಖಾತೆ ನಂಬರ್ ಸೇರಿಸಿದರೆ ಮೊದಲ ದಿನ ದೊಡ್ಡ ಮೊತ್ತ ಹೋಗದೇ ಇರಬಹುದು.

ಎರಡನೇ ಮಹಡಿ · ಮುಂದಿನ ಶುಕ್ರವಾರ, ಸಂಜೆ 5:30

ಕಟ್ಟಿದೆವು!

ಪತ್ರದ ದಿನಾಂಕದಿಂದ 13ನೇ ದಿನ. ಗೃಹಸಾಲ 40 ಲಕ್ಷ ಆಯಿತು. ನನ್ನ 3 ಲಕ್ಷ, ಹೆಂಡತಿಯ ಒಡವೆ ಮೇಲೆ 4 ಲಕ್ಷ, ಅಕ್ಕನ ಗಂಡ ನಮ್ಮ ಭಾವ ಮೂರೂವರೆ ಲಕ್ಷ ಖಾತೆಗೆ ಹಾಕಿದರು. ಟಿಡಿಎಸ್ ಕಳೆದು 50.32 ಲಕ್ಷ ಹೋಯಿತು. ಮೊದಲು ನಮ್ಮ ಪಾಲು ಕಳಿಸೋಕೆ ಹೋದರೆ ಆ್ಯಪ್ 5 ಲಕ್ಷಕ್ಕೆ ನಿಲ್ಲಿಸಿತು. ಸಾಲದ ಮೇಜು ಸರ್ ಹೇಳಿದ್ದು ನೆನಪಿತ್ತು, ಚೆಕ್ ಪುಸ್ತಕ ಚೀಲದಲ್ಲೇ ಇತ್ತು, ಶಾಖೆಗೆ ಹೋಗಿ ಉಳಿದದ್ದು ಹಾಕಿಸಿದೆ.

ಫೈನಾನ್ಸ್ ಕಂಪನಿಯವರಿಗೆ ಬೇಡ ಅಂದೆ. ಅವರು ಕೊನೆಗೂ ಆ ಕೆಎಫ್‌ಎಸ್ ಹಾಳೆ ಕಳಿಸಲೇ ಇಲ್ಲ.

ಕರಾರು · ಸಂಜೆ 5:48

ಅಭಿನಂದನೆ. ಹಣ ಮುಟ್ಟಿದ ಬಗ್ಗೆ ಅಧಿಕೃತ ಅಧಿಕಾರಿಯ ಸಹಿಯಿರುವ ರಸೀದಿ ತಗೊಳ್ಳಿ. ಆಮೇಲೆ ಸೇಲ್ ಸರ್ಟಿಫಿಕೇಟ್, ನೋಂದಣಿ, ಸ್ವಾಧೀನ ಪತ್ರ. ಬೀಗದ ಕೈ ತಗೊಳ್ಳುವಾಗ ಮೀಟರ್ ರೀಡಿಂಗ್ ಬರೆಸಿ, ಸಂಘದ ನಿರ್ವಹಣೆ ಬಾಕಿ ಎಷ್ಟಿದೆ ಕೇಳಿ. ಇದ್ದ ಹಾಗೆ ಮಾರಿರುತ್ತಾರೆ, ಬಾಕಿ ನಿಮ್ಮ ತಲೆಗೇ ಬರಬಹುದು.

ಮೂಡಲದಾರಿ · ಸಂಜೆ 6:02

ತುಂಬಾ ಸಂತೋಷ. ಹಳೇ ಫ್ಲ್ಯಾಟ್ ಎಲ್ಲಿಗೆ ಬಂತು? ಅದು ಮುಗಿಯೋವರೆಗೂ ಒಡವೆ ವಾಪಸ್ ಬರಲ್ಲ ಅಲ್ವಾ?

ಎರಡನೇ ಮಹಡಿ · ಸಂಜೆ 6:20

ಹೌದು ಸರ್. ಕೊಳ್ಳುವವರ ಬ್ಯಾಂಕಿನಿಂದ ವ್ಯಾಲ್ಯುಯರ್ ಇವತ್ತು ಬೆಳಿಗ್ಗೆ ಬಂದಿದ್ದರು. ಟೇಪ್ ಹಿಡಿದು ಎಲ್ಲಾ ಕೋಣೆ ಅಳೆದು, ಕೊನೆಗೆ ಕೆಳಗಿಳಿದು ಪಾರ್ಕಿಂಗ್ ಕಂಬದ ಮೇಲಿನ ನಂಬರ್ ನೋಡಿ ಕರಾರಿನ ಜೊತೆ ತಾಳೆ ಹಾಕಿದರು. ಸರಿ ಇದೆ ಅಂತ ಟಿಕ್ ಹಾಕಿಕೊಂಡು ಹೋದರು.